ಅಂಚು ಕತ್ತರಿಸಿದ ಕಡತ

ಪತ್ರಿಕೆಯ ಕಚೇರಿಯಲ್ಲಿ ಎಲ್ಲರೂ ಅವಳನ್ನು ನಿಧನಕ್ಕ ಎಂದೇ ಕರೆಯುತ್ತಿದ್ದರು. ಏಳನೇ ಪುಟದ ನಿಧನ ವಾರ್ತೆ ಇಪ್ಪತ್ತೆರಡು ವರ್ಷಗಳಿಂದ ಅವಳ ಕೈಯಲ್ಲಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಇನ್ನೆಲ್ಲೂ ಉಳಿದಿರಲಿಲ್ಲ. ಹೊಸದಾಗಿ ಸೇರಿದವರು ಅವಳ ಎದುರು ಕೆಮ್ಮಲು ಹೆದರುತ್ತಿದ್ದರು. "ಯಾಕಪ್ಪ, ನೆಗಡಿಯಾ? ವಯಸ್ಸೆಷ್ಟು ನಿಂಗೆ?" ಎಂದು ಅವಳು ಪೆನ್ಸಿಲ್ ಎತ್ತಿಕೊಂಡರೆ ಸುತ್ತಲಿನವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಅವಳ ಮೇಜಿನ ಹಿಂದೆ ಒಂದು ಕಬ್ಬಿಣದ ಕಪಾಟಿತ್ತು. ದೊಡ್ಡ ಮನುಷ್ಯರು ಹೇಳಿ ಕೇಳಿ ಸಾಯುವುದಿಲ್ಲ. ಸಾಯುವ ಹೊತ್ತಿಗೆ ಪತ್ರಿಕೆಯವರಿಗೆ ಕೂತು ಅವರ ಜೀವನ ಚರಿತ್ರೆ ಹುಡುಕಲು ಪುರಸೊತ್ತಿರುವುದಿಲ್ಲ. ಹಾಗಾಗಿ ಬದುಕಿರುವಾಗಲೇ ಬರೆದಿಡುವುದು ಪತ್ರಿಕೆಯವರ ರೂಢಿ. ಮಂತ್ರಿಗಳು, ಗಾಯಕರು, ಆಟಗಾರರು, ಒಟ್ಟು ನೂರ ನಲವತ್ತು ಮಂದಿ ಉಂಡು ತಿಂದು ಓಡಾಡಿಕೊಂಡಿರುವಾಗಲೇ ಆ ಕಪಾಟಿನಲ್ಲಿ ಸತ್ತು ಮಲಗಿದ್ದರು. ವಯಸ್ಸಾದ ಗಾಯಕರೊಬ್ಬರು ವರ್ಷಕ್ಕೊಂದು ಸಲ ಫೋನ್ ಮಾಡಿ ವಿಚಾರಿಸಿಕೊಳ್ಳುತ್ತಿದ್ದರು.

"ನಂದು ಎಷ್ಟು ಉದ್ದ ಇದೆಯಮ್ಮ?"

"ಒಂದೂವರೆ ಕಾಲಂ ಇದೆ ಸಾರ್."

"ಆ ಕೊಳಲಿನವನದು?"

"ಎರಡು ಕಾಲಂ."

"ಹಾಗಾದ್ರೆ ನಾನು ಈ ವರ್ಷವೂ ಸಾಯಲ್ಲ ಬಿಡು."

ಅವಳ ಕಡತಗಳಿಗೆ ಒಂದು ಕಟ್ಟುನಿಟ್ಟಿತ್ತು. ಹಾಳೆಯ ಎಡಕ್ಕೆ ಎರಡು ಬೆರಳಿನಷ್ಟು ಅಂಚು ಬಿಟ್ಟು, ಒಂದೊಂದು ಸಾಲಿನ ಪಕ್ಕಕ್ಕೂ ಅದನ್ನು ಹೇಳಿದವರು ಯಾರು ಎಂದು ಕೆಂಪು ಪೆನ್ಸಿಲಿನಲ್ಲಿ ಬರೆಯಬೇಕು. ಅವಳಿಗೆ ಕೆಲಸ ಕಲಿಸಿದ ಹಳೆಯ ಸಂಪಾದಕರು, "ಹೇಳಿದವರ ಹೆಸರಿಲ್ಲದ ಸಾಲು ಅಪ್ಪ ಇಲ್ಲದ ಕೂಸಮ್ಮ, ಯಾರೂ ಎತ್ತಿಕೊಳ್ಳಲ್ಲ" ಎನ್ನುತ್ತಿದ್ದರಂತೆ. ಅವರು ತೀರಿಕೊಂಡಾಗ ಅವರ ಕಡತದ ಅಂಚಿನಲ್ಲೂ ಇಪ್ಪತ್ತೊಂದು ಹೆಸರಿತ್ತು. ಅಚ್ಚಿಗೆ ಹೋಗುವುದು ಸಾಲು ಮಾತ್ರ. ಅಂಚು ಕಪಾಟಿನೊಳಗೇ ಉಳಿಯುತ್ತದೆ. ಸಾಲು ಊರಿಗೆ, ಅಂಚು ತನಗೆ: ಇಷ್ಟನ್ನು ಅವಳು ಇಪ್ಪತ್ತೆರಡು ವರ್ಷ ಮರೆತವಳಲ್ಲ. ಹಾಳಾದದ್ದು ಅದರಿಂದಲೇ.

ಆ ಕಾಲದಲ್ಲಿ ಪತ್ರಿಕೆಯ ಪುಟಗಳು ದಿನಾ ನಾಲ್ಕು ಗಂಟೆಗೆ ಮುದ್ರೆ ಕಚೇರಿಗೆ ಹೋಗಬೇಕಿತ್ತು. ಕಚೇರಿಗೆ ಉದ್ದನೆಯ ಸರ್ಕಾರಿ ಹೆಸರೊಂದಿತ್ತು, ಜನ ಕರೆಯುತ್ತಿದ್ದದ್ದು ಮಾತ್ರ ಹೀಗೆ. ಅಲ್ಲಿ ನೀಲಿ ಶಾಯಿಯಲ್ಲಿ ಹೊಡೆದು, ತಿದ್ದಿ, ಗುಂಡು ಮುದ್ರೆ ಒತ್ತಿ ಆರು ಗಂಟೆಗೆ ವಾಪಸು ಕಳಿಸುತ್ತಿದ್ದರು. ಹೊಡೆದ ಜಾಗವನ್ನು ಖಾಲಿ ಬಿಡುವಂತಿರಲಿಲ್ಲ. ಖಾಲಿ ಬಿಟ್ಟರೆ ಓದುಗರಿಗೆ ಏನೋ ಹೋಯಿತೆಂದು ಗೊತ್ತಾಗುತ್ತದಲ್ಲ. ಅಲ್ಲೆಲ್ಲ ಸೌಂದರ್ಯ ಸಲಹೆಗಳನ್ನು ತುಂಬುತ್ತಿದ್ದರು. ಹಿಟ್ಟಿನ ಅಂಗಡಿ ಮುಂದಿನ ನೂಕುನುಗ್ಗಲಲ್ಲಿ ಇಬ್ಬರು ಸತ್ತ ದಿನ ಕೂದಲು ಉದುರದಿರಲು ಏಳು ಉಪಾಯಗಳು ಪ್ರಕಟವಾದವು. ಆ ನೂಕುನುಗ್ಗಲಿನ ಸುದ್ದಿ ಬರೆದಿದ್ದ ಮಾರುಕಟ್ಟೆ ವರದಿಗಾರ ನಾಲ್ಕು ತಿಂಗಳು ಎಲ್ಲಿಗೋ ಹೋಗಿ ಬಂದ. ಈಗ ಮೂಲೆಯಲ್ಲಿ ಕೂತು ಪದಬಂಧ ಮಾಡುತ್ತಾನೆ. ಹಿಂದಿನಿಂದ ಯಾರಾದರೂ ಅವನ ಹೆಸರು ಕೂಗಿದರೆ ಎದ್ದು, ಗೋಡೆಗೆ ಮುಖ ಮಾಡಿ, ಎರಡೂ ಕೈ ಮೇಲೆತ್ತಿ ನಿಲ್ಲುತ್ತಾನೆ. ಮೊದಲ ವಾರ ಒಂದಿಬ್ಬರು ನಕ್ಕರು. ಆಮೇಲೆ ಅವನ ಹೆಸರು ಕೂಗುವುದನ್ನೇ ಬಿಟ್ಟರು.

ದೇಶ ಆಳುತ್ತಿದ್ದ ದೊಡ್ಡವರು ಏಳು ವಾರಗಳಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪತ್ರಿಕೆಗಳಲ್ಲಿ ದಿನಾ ಅವರ ನಗುಮುಖದ ಚಿತ್ರ ಬರುತ್ತಿತ್ತು, ಎರಡು ವರ್ಷ ಹಳೆಯದು. ಅವರ ಆರೋಗ್ಯದ ಮಾತೆತ್ತುವಂತಿರಲಿಲ್ಲ. ಆದರೆ ನಿಧನಕ್ಕನ ಕಪಾಟಿನಲ್ಲಿ ಅವರ ಕಡತವೇ ಎಲ್ಲಕ್ಕಿಂತ ದಪ್ಪ, ಮೂವತ್ತೊಂದು ಹಾಳೆ. ಕೊನೆಯ ಹಾಳೆಯಲ್ಲಿ ಹೀಗಿತ್ತು: ಎಡಗೈ, ಎಡಗಾಲು ಬಿದ್ದುಹೋಗಿವೆ. ಮಾತು ನಿಂತಿದೆ. ಮಗನ ಗುರುತು ಸಿಗುವುದಿಲ್ಲ. ಅಂಚಿನಲ್ಲಿ ಕೆಂಪಗೆ, 'ತಮ್ಮನ ಹೆಂಡತಿ'.

ತಮ್ಮನ ಹೆಂಡತಿ ದೊಡ್ಡಾಸ್ಪತ್ರೆಯಲ್ಲಿ ನರ್ಸ್. ಒಂದೇ ಮನೆಯಲ್ಲಿ ವಾಸ. ತಮ್ಮ, ಅವನ ಹೆಂಡತಿ, ಮೂರು ವರ್ಷದ ಮಗಳು, ಮದುವೆಯಾಗದೆ ಉಳಿದ ನಿಧನಕ್ಕ. ತಮ್ಮನ ಹೆಂಡತಿ ಒಂದು ಸಂಜೆ ಮಗಳ ತಲೆ ಬಾಚುತ್ತ, "ಅಕ್ಕ, ನಿಮ್ಮ ದೊಡ್ಡವರಿಗೆ ನಾನೇ ಇವತ್ತು ಚಮಚದಲ್ಲಿ ಗಂಜಿ ಕುಡಿಸಿದೆ. ಇವಳೇ ವಾಸಿ, ಉಗುಳಲ್ಲ" ಎಂದಿದ್ದಳು. ನಿಧನಕ್ಕ ಮರುದಿನವೇ ಬರೆದಿಟ್ಟಳು. ಸಾಲಿಗೆ ಸಾಲು, ಅಂಚಿಗೆ ಅಂಚು.

ಒಂದು ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ ಮುದ್ರೆ ಕಚೇರಿಯ ಅಧಿಕಾರಿ ಬಂದ. ಮೂವತ್ತೈದು ದಾಟದ ಮನುಷ್ಯ, ಮಾತು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಸಂಪಾದಕರು ಅವನನ್ನು ಕೂರಿಸಿ, ನಿಧನಕ್ಕನನ್ನು ಕರೆಸಿದರು. ಅವರ ಮುಖ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವರಂತೆ ಇತ್ತು.

"ಏನಿಲ್ಲ ಮೇಡಂ," ಎಂದ ಅಧಿಕಾರಿ. "ಎಲ್ಲ ಪತ್ರಿಕೆಯವರೂ ದೊಡ್ಡವರ ಬಗ್ಗೆ ಬರೆದಿಟ್ಟಿರ್ತಾರೆ ಅಂತ ಕೇಳಿದೆ. ಒಳ್ಳೆ ಅಭ್ಯಾಸ. ಒಂದು ಸಲ ಓದಿ ಕೊಡ್ತೀನಿ. ಆಮೇಲೆ ಅವಸರದಲ್ಲಿ ತಪ್ಪಾಗಬಾರದು ನೋಡಿ."

"ಕೊಡ್ತೀನಿ ಸಾರ್. ಸ್ವಲ್ಪ ಗಲೀಜಾಗಿದೆ, ಒಂದರ್ಧ ಗಂಟೆ ಕೊಟ್ಟರೆ ನೀಟಾಗಿ ಮಾಡಿಕೊಡ್ತೀನಿ."

"ಧಾರಾಳವಾಗಿ. ನಾನು ಇಲ್ಲೇ ಟೀ ಕುಡಿತಾ ಕೂತಿರ್ತೀನಿ."

ತನ್ನ ಮೇಜಿಗೆ ಬಂದು ಅವಳು ಕಬ್ಬಿಣದ ಅಳತೆಪಟ್ಟಿ ಇಟ್ಟು, ಬ್ಲೇಡಿನಲ್ಲಿ ಮೂವತ್ತೊಂದು ಹಾಳೆಗಳ ಅಂಚನ್ನೂ ಸರಸರನೆ ಕತ್ತರಿಸಿದಳು. ಗೆರೆ ಎಲ್ಲೂ ಸೊಟ್ಟಗಾಗಲಿಲ್ಲ. ಕತ್ತರಿಸಿದ ಪಟ್ಟಿಗಳನ್ನು ಪಾಯಿಖಾನೆಗೆ ಒಯ್ದು, ಚೂರು ಚೂರು ಮಾಡಿ, ಮೂರು ಸಲ ನೀರು ಬಿಟ್ಟಳು. ಕೊನೆಯ ಹಾಳೆಯನ್ನು ಓದಿಯೂ ನೋಡಿದಳು. ವಾಕ್ಯ ಚೆನ್ನಾಗಿತ್ತು, ತಪ್ಪಿರಲಿಲ್ಲ. ಅದನ್ನು ತೆಗೆದಿಡಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಬೇರೆ ಯಾರಿಗಾದರೂ ಹೊಳೆಯುತ್ತಿತ್ತು, ಬೀದಿಯಲ್ಲಿ ಹೋಗುವ ದಾಸಯ್ಯನನ್ನು ಕೇಳಿದ್ದರೂ ಹೇಳುತ್ತಿದ್ದ. ಆದರೆ ಅವಳಿಗೆ ಗುಟ್ಟು ಎಂದರೆ ಅಂಚು. ಸಾಲು ಅಚ್ಚಾಗಲೆಂದೇ ಬರೆದದ್ದು, ಅದರಲ್ಲೇನು ಗುಟ್ಟು?

ಮರುದಿನ ಅಧಿಕಾರಿ ನೇರ ಅವಳ ಮೇಜಿಗೇ ಬಂದ. ಕುರ್ಚಿ ಎಳೆದುಕೊಂಡು ಕೂತು, ಕಡತ ಮುಂದಿಟ್ಟ.

"ಎಷ್ಟು ಚೆನ್ನಾಗಿ ಬರೀತೀರಿ ಮೇಡಂ. ರಾತ್ರಿ ನನ್ನ ಹೆಂಡತಿಗೂ ಓದಿ ಹೇಳಿದೆ. ಬಾಲ್ಯದ ಭಾಗ ಕೇಳಿ ಅವಳ ಕಣ್ಣಲ್ಲಿ ನೀರು."

"ಸಂತೋಷ ಸಾರ್."

"ಒಂದೇ ಒಂದು ಸಂಶಯ." ಕೊನೆಯ ಹಾಳೆ ತೆಗೆದ. "ಇದು ಇಬ್ಬರು ಡಾಕ್ಟರಿಗೆ, ಮೂವರು ನರ್ಸಿಗೆ, ದೊಡ್ಡವರ ಮನೆಯವರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ನಿಜ ಹೇಳ್ತೀನಿ, ನನಗೇ ಗೊತ್ತಿರಲಿಲ್ಲ. ನಿಮ್ಮದು ಓದಿ ತಿಳೀತು."

ಅವಳು ಆ ಹಾಳೆಯನ್ನು ಈಗ ಮೊದಲ ಸಲ ಓದುವವಳಂತೆ ನೋಡಿದಳು.

ಅವನು ಎದ್ದು, ಕೇಳದೆ ಕಪಾಟಿನ ಬಾಗಿಲು ತೆಗೆದು, ಕೈಗೆ ಸಿಕ್ಕ ಕಡತವೊಂದನ್ನು ತಂದು ಪಕ್ಕದಲ್ಲಿಟ್ಟ. ಹಳೆಯ ಗಾಯಕರದು. ಅದರ ಹಾಳೆ ಅಗಲ, ಎಡಕ್ಕೆ ಕೆಂಪು ಬರಹ. ದೊಡ್ಡವರ ಹಾಳೆ ಎರಡು ಬೆರಳು ಕಿರಿದು.

"ಕುಂಬಳಕಾಯಿ ಕಳ್ಳ ಅನ್ನೋಕೂ ಮೊದಲೇ ಹೆಗಲು ಮುಟ್ಟಿ ನೋಡ್ಕೊಂಡ್ರಲ್ಲ ಮೇಡಂ," ಎಂದು ನಕ್ಕ. "ನನಗೆ ಆ ಎರಡು ಬೆರಳು ಸಾಕು. ಬೇರೇನೂ ಬೇಡ. ನಿಮಗೆ ತೊಂದರೆ ಕೊಡೋದು ನನಗಿಷ್ಟ ಇಲ್ಲ. ಅಲ್ಲಿ ಮೂಲೇಲಿ ಕೂತಿದ್ದಾರಲ್ಲ, ಅವರೂ ಮೊದಲ ದಿನವೇ ಹೇಳಿದ್ದರೆ ಇವತ್ತು ಬಲಗೈಯಲ್ಲೇ ಬರೀತಿದ್ರು."

ಮಾರುಕಟ್ಟೆ ವರದಿಗಾರ ತಲೆ ಎತ್ತದೆ ಪದಬಂಧದ ಚೌಕಗಳಿಗೆ ಎಡಗೈಯಲ್ಲಿ ಕಪ್ಪು ತುಂಬುತ್ತಿದ್ದ.

"ಹೇಳಿದೋರು ಯಾರು ಮೇಡಂ?"

ನಿಧನಕ್ಕನಿಗೆ ತಮ್ಮನ ಹೆಂಡತಿಯ ಕೈ ಕಣ್ಣಮುಂದೆ ಬಂತು, ಬಾಚಣಿಗೆ ಹಿಡಿದ ಕೈ. ಮೂವರು ನರ್ಸುಗಳಲ್ಲಿ ಅವಳೊಬ್ಬಳು. ಹೆಸರು ಹೇಳದೆ ಬಿಟ್ಟರೆ ಮೂವರನ್ನೂ ಎತ್ತಿಕೊಂಡು ಹೋಗುತ್ತಾರೆ. ಆಗ ಯಾರ ಮನೆಯಲ್ಲಿ ಪತ್ರಿಕೆಯವಳಿದ್ದಾಳೆಂದು ತಿಳಿಯಲು ಗಳಿಗೆಯೂ ಬೇಡ. ಯಾರಾದರೊಬ್ಬರನ್ನು ಕೊಡಬೇಕು, ಅವರಿಗೆ ಏನೂ ಮಾಡಲು ಆಗದಂಥ ಒಬ್ಬರನ್ನು. ಅಂಥವರು ಅವಳಷ್ಟು ಯಾರಿಗೆ ಗೊತ್ತಿದ್ದರು? ಇಪ್ಪತ್ತೆರಡು ವರ್ಷದ ಸತ್ತವರೆಲ್ಲ ಅವಳ ಪರಿಚಯದವರೇ.

"ಆಸ್ಪತ್ರೆ ಬಟ್ಟೆ ಒಗೆಯೋ ಕಡೆ ಒಬ್ಬ ಮೇಸ್ತ್ರಿ ಇದ್ದ ಸಾರ್," ಎಂದಳು. "ಅವನು. ಹಾಸಿಗೆ ಬಟ್ಟೆ ನೋಡಿದರೆ ರೋಗಿಯ ಜಾತಕವೇ ಗೊತ್ತಾಗುತ್ತೆ ಅಂತಿದ್ದ. ವಾರ್ಡಿನವರ ಮಾತೂ ಕಿವಿಗೆ ಬೀಳ್ತಿತ್ತಂತೆ."

"ಇದ್ದ ಅಂದ್ರಿ."

"ಹನ್ನೆರಡು ದಿನದ ಹಿಂದೆ ತೀರಿಕೊಂಡ. ನಾನೇ ಹಾಕಿದೀನಿ ನೋಡಿ." ಹಳೆಯ ಸಂಚಿಕೆ ತೆಗೆದು ಏಳನೇ ಪುಟ ತೋರಿಸಿದಳು. ಅರವತ್ತೊಂದು ವರ್ಷ, ಹೃದಯಾಘಾತ.

"ಅಯ್ಯೋ ಪಾಪ," ಎಂದು ಅಧಿಕಾರಿ ಆ ನಾಲ್ಕು ಸಾಲನ್ನು ಕೊನೆಯವರೆಗೆ ಓದಿದ. ಆಮೇಲೆ ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಏನೋ ಬರೆದುಕೊಂಡ. "ಥ್ಯಾಂಕ್ಸ್ ಮೇಡಂ. ನೀವು ಇಷ್ಟು ಸಲೀಸಾಗಿ ಹೇಳ್ತೀರಿ ಅಂದ್ಕೊಂಡಿರಲಿಲ್ಲ."

ಅವತ್ತು ಸಂಜೆ ನಿಧನಕ್ಕ ಮನೆಗೆ ಹೋಗುವಾಗ ಮಗುವಿಗೆ ಬಣ್ಣದ ರಿಬ್ಬನ್ ಕೊಂಡಳು. ತಮ್ಮನ ಹೆಂಡತಿ, "ಏನಕ್ಕ, ಇವತ್ತು ಮುಖದಲ್ಲಿ ಲಕ್ಷಣ ಬಂದಿದೆ, ಯಾರು ಸತ್ರು?" ಎಂದು ಕೇಳಿದಾಗ ಅವಳು ಜೋರಾಗಿಯೇ ನಕ್ಕಳು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಬೀಸಿದ ದೊಣ್ಣೆ ಎಲ್ಲಾದರೂ ಬೀಳಲೇಬೇಕು ಎನ್ನುವುದನ್ನು ಗಾದೆ ಕಟ್ಟಿದವರು ಹೇಳದೆ ಬಿಟ್ಟಿದ್ದಾರೆ. ಅಧಿಕಾರಿ ಕೊನೆಯವರೆಗೆ ಓದಿದ ಆ ನಿಧನ ವಾರ್ತೆಯ ನಾಲ್ಕನೇ ಸಾಲು 'ಪತ್ನಿ ಹಾಗೂ ಒಬ್ಬ ಪುತ್ರಿಯನ್ನು ಅಗಲಿದ್ದಾರೆ' ಎಂದಿತ್ತು. ದಿನಕ್ಕೆ ಹತ್ತು ಸಲ ಬರೆದು ಬರೆದು ನಿಧನಕ್ಕ ಆ ಸಾಲನ್ನು ಓದುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು.

ಮುಂದಿನ ಸೋಮವಾರ ಬೆಳಗ್ಗೆ ಒಬ್ಬ ಹೆಂಗಸು ಬಂದು ಅವಳ ಮೇಜಿನ ಮುಂದೆ ನಿಂತಳು. ಐವತ್ತೈದರ ಆಸುಪಾಸು. ಸೋಪಿನ ಪುಡಿಗೆ ಬಿರಿದ ಬೆರಳು.

"ನೆನಪಿದೆಯಾ ತಾಯಿ? ನಮ್ಮ ಮನೆಯವರದು ನೀವೇ ಹಾಕಿದ್ರಿ. ದೊಡ್ಡಾಸ್ಪತ್ರೆ ಬಟ್ಟೆ ಮೇಸ್ತ್ರಿ. ಎಷ್ಟು ಚೆನ್ನಾಗಿ ಹಾಕಿದ್ರಿ, ಓಣಿಯವರೆಲ್ಲ ಇಟ್ಕೊಂಡಿದ್ದಾರೆ."

ನಿಧನಕ್ಕ ಕುರ್ಚಿ ತೋರಿಸಿದಳು.

"ಈಗ ಮಗಳದು. ಸತ್ತಿಲ್ಲ, ಸತ್ತಿಲ್ಲ," ಎಂದು ಹೆಂಗಸು ಗಾಬರಿಯಿಂದ ಕೈಯಾಡಿಸಿದಳು. "ಕಾಣ್ತಿಲ್ಲ. ಅಪ್ಪನ ಕೆಲಸ ಅವಳಿಗೇ ಕೊಟ್ಟಿದ್ರು. ಬುಧವಾರ ಮಧ್ಯಾಹ್ನ ಇಬ್ಬರು ಗಂಡಸರು ಬಟ್ಟೆ ಒಗೆಯೋ ಜಾಗಕ್ಕೇ ಬಂದು, 'ನಿಮ್ಮಪ್ಪ ಯಾರ ಹತ್ರ ಏನೇನು ಮಾತಾಡ್ತಿದ್ದ, ಬಾ ಹೇಳು' ಅಂತ ಕರ್ಕೊಂಡು ಹೋದ್ರಂತೆ. ಅವಳಿಗೇನು ಗೊತ್ತು? ಅವರಪ್ಪ ಮನೇಲಿ ಬಾಯೇ ಬಿಡ್ತಿರಲಿಲ್ಲ. ಉಪ್ಪು ಬೇಕಾದರೂ ಬೆರಳು ತೋರಿಸೋ ಜನ. ಮುದ್ರೆ ಕಚೇರಿಗೆ ಹೋದೆ, ಬಂದೇ ಇಲ್ಲ ಅಂದ್ರು. ಠಾಣೆಗೆ ಹೋದೆ, ಬಂದೇ ಇಲ್ಲ. ಆಸ್ಪತ್ರೆಯವರು, ಅವಳು ಬುಧವಾರ ಕೆಲಸಕ್ಕೇ ಬಂದಿಲ್ಲ ಅಂತಾರೆ. ಕಾಣೆಯಾಗಿದ್ದಾಳೆ ಅಂತ ಪೇಪರಲ್ಲಿ ಹಾಕಿ ತಾಯಿ."

"ಅದು ಬರಲ್ಲಮ್ಮ," ಎಂದಳು ನಿಧನಕ್ಕ. "ಕಾಣೆಯಾದವರದು ಮುದ್ರೆ ಕಚೇರಿಯವರು ಪಾಸು ಮಾಡಲ್ಲ. ಮೂರು ವರ್ಷದಿಂದ ಒಂದೂ ಬಂದಿಲ್ಲ."

"ಗೊತ್ತು. ಠಾಣೆ ಹೊರಗೆ ಒಬ್ಬರು ಹೇಳಿದ್ರು. ಅದಕ್ಕೇ ಬಸ್ಸಲ್ಲಿ ಬರ್ತಾ ಯೋಚನೆ ಮಾಡಿದೆ." ಹೆಂಗಸು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಸತ್ತೋಳು ಅಂತ ಹಾಕಿ."

"ಏನಂದ್ರಿ?"

"ಸತ್ತೋರದು ಬರುತ್ತಲ್ಲ? ಫೋಟೋ ಸಮೇತ ಹಾಕಿ. ನೋಡಿದೋರು ಯಾರಾದ್ರೂ ಇದ್ದೇ ಇರ್ತಾರೆ. 'ಅಯ್ಯೋ ಇವಳು ಸತ್ತಿಲ್ಲ, ಮೊನ್ನೆ ಇಂಥ ಕಡೆ ನೋಡಿದೆ' ಅಂತ ಬಂದು ಹೇಳ್ತಾರೆ. ಬದುಕಿರೋಳನ್ನ ಹುಡುಕಿಕೊಡಿ ಅಂದ್ರೆ ಜನ ಹೆದರ್ತಾರೆ. ಸತ್ತೋಳು ಅಂತ ಸುಳ್ಳು ಹಾಕಿದ್ರೆ ತಿದ್ದೋಕೆ ಓಡಿ ಬರ್ತಾರೆ. ಜನರ ಬುದ್ಧಿ ನಂಗೆ ಗೊತ್ತು ತಾಯಿ, ಮೂವತ್ತು ವರ್ಷ ಅವರ ಬಟ್ಟೆ ಒಗೆದಿದೀನಿ."

"ಮರಣಪತ್ರ ಕೇಳ್ತಾರಮ್ಮ ಮುದ್ರೆ ಕಚೇರಿಯವರು."

"ಕೇಳಲಿ. ಕೇಳೋಕಾದ್ರೂ ಒಬ್ಬ ಮನುಷ್ಯ ನನ್ನ ಹತ್ರ ಮಾತಾಡ್ತಾನಲ್ಲ."

ಹೇಳಿಬಿಡಬೇಕು ಎಂದು ನಿಧನಕ್ಕನಿಗೆ ಅನ್ನಿಸಿತು. ನಿನ್ನ ಗಂಡನ ಹೆಸರು ಕೊಟ್ಟದ್ದು ನಾನೇ ಎನ್ನಬೇಕು, ಇವಳು ಬಿರಿದ ಬೆರಳುಗಳಿಂದ ನನ್ನ ಮುಖ ಪರಚಲಿ. ಆದರೆ ಹೇಳಿದರೆ ಇವಳು ಇಲ್ಲಿಂದ ನೇರ ಅಲ್ಲಿಗೇ ಓಡುತ್ತಾಳೆ. ನನ್ನ ಗಂಡನಲ್ಲ, ಬೇರೆ ಯಾರೋ, ಅವಳನ್ನೇ ಕೇಳಿ ಎನ್ನುತ್ತಾಳೆ. ಯಾವ ತಾಯಿಯಾದರೂ ಹಾಗೇ ಮಾಡುತ್ತಾಳೆ. ಬಾಚಣಿಗೆ ಹಿಡಿದ ಕೈ ಮತ್ತೆ ಕಣ್ಣಮುಂದೆ ಬಂತು. ನಿಧನಕ್ಕ ಪೆನ್ನು ಎತ್ತಿಕೊಂಡಳು.

"ವಯಸ್ಸು?"

"ಇಪ್ಪತ್ನಾಲ್ಕು."

"ಯಾವಾಗ ಅಂತ ಹಾಕಲಿ?"

"ನಿನ್ನೆ ಅಂತ ಹಾಕಿ. ಭಾನುವಾರ. ಮನೇಲಿ. ಜ್ವರ ಬಂದು ಅಂತ." ಹೆಂಗಸು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. "ಅವಳಿಗೆ ಜ್ವರ ಬಂದದ್ದೇ ನಾನು ನೋಡಿಲ್ಲ. ಮನೆಗೆ ಬರಲಿ, ಓದಿ ನನ್ನನ್ನ ಬಾಯಿಗೆ ಬಂದ ಹಾಗೆ ಬೈತಾಳೆ. ಸರಿಯಾಗಿ ಬೈಸ್ಕೋತೀನಿ."

ನಾಲ್ಕು ಗಂಟೆಗೆ ಪುಟ ಹೋಯಿತು. ಹೆಂಗಸು ಹೊರಗಿನ ಮೆಟ್ಟಿಲ ಮೇಲೆ ಕೂತಳು, ಏನಾಯಿತೆಂದು ತಿಳಿಯದೆ ಏಳುವುದಿಲ್ಲ ಎಂದು. ಮುದ್ರೆ ಕಚೇರಿಯವರು ಇದನ್ನು ಹೊಡೆದುಹಾಕುತ್ತಾರೆ ಎಂದೇ ನಿಧನಕ್ಕ ನಂಬಿಕೊಂಡಿದ್ದಳು. ಹೊಡೆದುಹಾಕಿದರೆ ಹುಡುಗಿ ಅವರ ಬಳಿ ಬದುಕಿದ್ದಾಳೆ ಎಂದರ್ಥ, ಇವತ್ತಲ್ಲ ನಾಳೆ ಬಿಡುತ್ತಾರೆ. ಮಾರುಕಟ್ಟೆ ವರದಿಗಾರನನ್ನು ಬಿಡಲಿಲ್ಲವೇ? ಅವನು ಹೇಗಾದರೂ ಇರಲಿ, ಉಸಿರಾಡುತ್ತಿದ್ದಾನೆ.

ದಿನಾ ಆರಕ್ಕೆ ಬರುತ್ತಿದ್ದ ಪುಟಗಳಲ್ಲಿ ಏಳನೆಯದೊಂದು ಅವತ್ತು ನಾಲ್ಕೂವರೆಗೇ ಬಂತು. ಮುದ್ರೆ ಬಿದ್ದಿತ್ತು. ಮರಣಪತ್ರ ಎಲ್ಲಿ ಎಂದು ಯಾರೂ ಕೇಳಿರಲಿಲ್ಲ. ಜ್ವರವನ್ನು ಹಾಗೇ ಬಿಟ್ಟಿದ್ದರು. 'ಸ್ವಗೃಹದಲ್ಲಿ' ಎನ್ನುವುದನ್ನು ನೀಲಿ ಶಾಯಿಯಲ್ಲಿ ಹೊಡೆದುಹಾಕಿದ್ದರು. 'ಭಾನುವಾರ' ಎಂಬುದಕ್ಕೆ ಗೆರೆ ಎಳೆದು, ಮೇಲೆ ದುಂಡಗಿನ, ಓದಲು ಸುಲಭವಾದ ಅಕ್ಷರದಲ್ಲಿ 'ಗುರುವಾರ' ಎಂದು ತಿದ್ದಿದ್ದರು.

ನಿಧನಕ್ಕ ಪುಟವನ್ನು ಸಂಪಾದಕರ ಮುಂದೆ ಹಿಡಿದಳು. "ಸಾರ್, ಇದನ್ನ ತೆಗೆದುಬಿಡೋಣ."

ಅವರು ನೋಡಿದರು. ನೀಲಿ ಅಕ್ಷರದ ಮೇಲೆ ಅವರ ಕಣ್ಣು ನಿಂತಿತು. ಅವರಿಗೂ ಅರ್ಥವಾಯಿತು. ಪುಟವನ್ನು ತಿರುಗಿಸಿ ಅವಳ ಕಡೆಗೇ ತಳ್ಳಿದರು.

"ಮುದ್ರೆ ಬಿದ್ದದ್ದನ್ನ ತೆಗೆದರೆ ಯಾಕೆ ತೆಗೆದ್ರಿ ಅಂತ ಕೇಳ್ತಾರೆ ಅಕ್ಕ. ಯಾಕೆ ಅಂತ ಹೇಳ್ತೀರಾ?"

ಅವಳು ಪುಟ ಕಟ್ಟುವವನ ಬಳಿ ಹೋಗಿ ತಿದ್ದಿದ್ದನ್ನು ಓದಿ ಹೇಳಿದಳು, ಅವನು ತಿದ್ದಿದ. ಆಮೇಲೆ ಮೆಟ್ಟಿಲಿಗೆ ಹೋದಳು. ಹೆಂಗಸು ಎದ್ದು ನಿಂತಳು.

"ಹೊಡೆದುಹಾಕಿದ್ರಾ?"

"ಇಲ್ಲ. ಪಾಸಾಯ್ತು."

"ಪಾಸಾಯ್ತಾ?" ಹೆಂಗಸು ಅವಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. "ನೋಡಿದ್ರಾ, ನಾನು ಹೇಳಲಿಲ್ವಾ? ನಿಮ್ಮ ಕೈಗುಣ ತಾಯಿ."

ಮಂಗಳವಾರ ಕಚೇರಿಯ ಬಾಗಿಲು ತೆಗೆಯುವ ಮೊದಲೇ ಆಕೆ ಪತ್ರಿಕೆ ಹಿಡಿದು ಬಂದಿದ್ದಳು. ಏಳನೇ ಪುಟ ಮೇಲೆ ಬರುವ ಹಾಗೆ ಮಡಿಸಿದ್ದಳು.

"ಫೋಟೋ ಚೆನ್ನಾಗಿ ಬಂದಿದೆ. ಒಂದು ತಪ್ಪಾಗಿದೆ ನೋಡಿ. ನಾನು ಭಾನುವಾರ ಅಂದಿದ್ದೆ, ಇಲ್ಲಿ ಗುರುವಾರ ಅಂತ ಬಂದಿದೆ."

ನಿಧನಕ್ಕ ಬಾಯಿ ತೆರೆದಳು. ಹಿಂದೆ ಸಂಪಾದಕರ ಕೋಣೆಯ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

"ನಾನೇ ತಪ್ಪು ಬರೆದೆ," ಎಂದಳು.

"ಅಯ್ಯೋ ಬಿಡಿ, ದಿನಾ ಎಷ್ಟು ಜನರದು ಬರೀತೀರಿ, ತಪ್ಪಾಗುತ್ತೆ. ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು." ಹೆಂಗಸು ದನಿ ತಗ್ಗಿಸಿದಳು. "ಗುರುವಾರವೇ ಸತ್ತಳು ಅಂತ ಇದ್ರೆ, ಶುಕ್ರವಾರ ನೋಡಿದೋರು, ಶನಿವಾರ ನೋಡಿದೋರು ಎಲ್ಲರೂ ಬರ್ತಾರಲ್ಲ. ನೋಡಿದೋರು ವಿಚಾರಿಸೋಕೆ ಇಲ್ಲಿಗೇ ಬರ್ತಾರೆ ಅಲ್ವಾ? ನಾನು ಇಲ್ಲೇ ಒಂದು ಮೂಲೇಲಿ ಕೂತಿರ್ಲಾ?"

"ಕೂತ್ಕೊಳ್ಳಿ," ಎಂದಳು ನಿಧನಕ್ಕ.

ಹತ್ತು ಗಂಟೆಯ ಮೇಲೆ ಜನ ಬರತೊಡಗಿದರು, ತಮ್ಮ ತಮ್ಮ ಸತ್ತವರ ಫೋಟೋ ಹಿಡಿದು. ಒಬ್ಬೊಬ್ಬರು ಒಳಗೆ ಬಂದಾಗಲೂ ಹೆಂಗಸು ಎದ್ದು, ಸೆರಗು ಸರಿಮಾಡಿಕೊಂಡು, "ನೀವು ನನ್ನ ಮಗಳ ವಿಷಯಕ್ಕೆ ಬಂದ್ರಾ?" ಎಂದು ಕೇಳುತ್ತಿದ್ದಳು. ಅವರು ಇಲ್ಲವೆಂದರೆ, "ಇರಲಿ, ಇರಲಿ, ನಿಮ್ಮ ಕೆಲಸ ಮುಗಿಸ್ಕೊಳ್ಳಿ" ಎಂದು ಕೂರುತ್ತಿದ್ದಳು. ನಿಧನಕ್ಕ ತಲೆ ಬಗ್ಗಿಸಿ ಬರೆಯುತ್ತಿದ್ದಳು. ಮಧ್ಯಾಹ್ನ ಫೋನ್ ಬಂತು, ತಮ್ಮನ ಹೆಂಡತಿಯದು.

"ಅಕ್ಕ, ಇವತ್ತು ನನಗೆ ರಜಾ ಕೊಟ್ಟಿದ್ದಾರೆ. ವಾರ್ಡಲ್ಲಿ ಏನೋ ವಿಚಾರಣೆ ನಡೀತಿತ್ತಲ್ಲ, ಅದು ಮುಗೀತಂತೆ, ಬಟ್ಟೆ ಒಗೆಯೋರ ಕಡೆಯಿಂದ ಹೋಗಿದ್ದಂತೆ ಮಾತು. ನಮಗೆಲ್ಲ ಜೀವ ಬಂತು. ನೀವು ಬೇಗ ಬನ್ನಿ, ಒಟ್ಟಿಗೆ ಊಟ ಮಾಡೋಣ. ಬರ್ತೀರಾ?"

"ಬರ್ತೀನಿ," ಎಂದಳು ನಿಧನಕ್ಕ.

ಅವಳು ಫೋನ್ ಇಡುವುದನ್ನೇ ಕಾಯುತ್ತಿದ್ದ ಹೆಂಗಸು ಕುರ್ಚಿಯ ತುದಿಗೆ ಬಂದಿದ್ದಳು.

"ನಮ್ಮದಾ ತಾಯಿ?"